ಭತ್ತ ಕುಟ್ಟುವವಳ ಕೈಗೆ ಓಲೆಗರಿ

ಮೇ 4, ಭಾನುವಾರ. ದಿ ಪಾಂಡ್ಸ್, ಸಿಡ್ನಿ

ಇವತ್ತೂ ರಿಹರ್ಸಲ್ ತಡ. ಹಾಲ್‌ನ ಕೀ ತರಬೇಕಾದ ಶ್ರೀನಾಥ್ ಹ್ಯಾರಿಸ್ ಪಾರ್ಕ್‌ನ ಹೋಟೆಲಿನಲ್ಲಿ ದೋಸೆ ತಿನ್ನುತ್ತಿದ್ದರು. ನಿರ್ದೇಶಕರು. ಕೇಳುವಂತಿಲ್ಲ.

ನಾಟಕ ನನ್ನದು, ಅರ್ಧ ಗಂಟೆಯದು. ಮೆಲ್ಬರ್ನ್‌ನ ಕನ್ನಡ ಸಮಾವೇಶಕ್ಕೆ ಸಿಡ್ನಿ ತಂಡದ ಕಾಣಿಕೆ. ಹನ್ನೆರಡನೇ ಶತಮಾನ. ಭತ್ತ ಕುಟ್ಟುವ ಹೆಂಗಸೊಬ್ಬಳು ವಚನ ಕಟ್ಟುತ್ತಾಳೆ. ಓದುಬರಹ ಬಾರದು. ಓದು ಬಲ್ಲ ಮಂತ್ರಿಯ ಹೆಂಡತಿ, 'ಬರೆಯಲು ಬಾರದವಳದು ವಚನವೇ?' ಎಂದು ನಗುತ್ತಾಳೆ. ಕೊನೆಗೆ ಲಿಪಿಕಾರ ಬರುತ್ತಾನೆ. ಇವಳು ಹೇಳುತ್ತಾಳೆ, ಅವನು ಓಲೆಗರಿಯ ಮೇಲೆ ಬರೆಯುತ್ತಾನೆ. ಅಷ್ಟೇ.

ಮುಖ್ಯ ಪಾತ್ರಕ್ಕೆ ಜನವಿಲ್ಲ. ಎಲ್ಲರಿಗೂ ಮಂತ್ರಿಯ ಹೆಂಡತಿಯೇ ಬೇಕು.

"ಊರಿಂದ ತಂದಿರೋ ರೇಷ್ಮೆ ಸೀರೆ ಉಡೋಕೆ ಇನ್ಯಾವ ಚಾನ್ಸ್ ಸಿಗುತ್ತೆ ಆಂಟಿ?" ಎಂದಳು ಶ್ರೀವಿದ್ಯಾ. ಪಾತ್ರ ಅವಳಿಗೇ ಹೋಯಿತು.

ಹರಕು ಸೀರೆಗೆ ಒಪ್ಪಿದ್ದು ನಿರೀಕ್ಷಾ ಒಬ್ಬಳೇ. ಇಲ್ಲೇ ಹುಟ್ಟಿದವಳು, ಯೂನಿವರ್ಸಿಟಿಯಲ್ಲಿ ಮೊದಲ ವರ್ಷ. ಕನ್ನಡ ಮಾತ್ರ ಸ್ವಚ್ಛ— ಒಂದಕ್ಷರ ನುಂಗುವುದಿಲ್ಲ. ಆದರೆ ಸದಾ ಕಿವಿಯಲ್ಲಿ ಇಯರ್‌ಫೋನ್. ಸ್ಕ್ರಿಪ್ಟ್ ಬ್ಯಾಗಿನಿಂದ ಹೊರಬರುವುದೇ ಇಲ್ಲ. ಹಾಡು ಕೇಳುತ್ತಾ ನಾಟಕ ಕಲಿಯುವ ಕಾಲ!

ಮೇ 11, ಭಾನುವಾರ

ನಿರೀಕ್ಷಾಳ ತಾಯಿ ಕುಸುಮಾವತಿ ಬಂದಿದ್ದರು. ಉಡುಪಿಯವರು, ಪ್ಯಾರಮಟ್ಟಾದಲ್ಲಿ ಅಕೌಂಟೆಂಟ್.

"ಎಂತ ಅನಸೂಯಕ್ಕ, ಬೇರೆ ಮಕ್ಕಳು ರೇಷ್ಮೆ ಉಟ್ಕೊಂಡು ನಿಲ್ಲುವಾಗ ನನ್ನ ಮಗಳು ಭತ್ತ ಕುಟ್ಟುದಾ? ಕುಟ್ಲಿ. ಓದು ಬರುದಿಲ್ಲ ಅಂತ ಬೇರೆ ಯಾಕೆ ಮಾರಾಯ್ರೆ?"

"ಆಕಿಗೆ ಬರ್ತಿತ್ತು ಅನ್ನಾಕ ಆಧಾರ ಇಲ್ಲರೀ."

"ಬರ್ತಿರ್ಲಿಲ್ಲ ಅನ್ಲಿಕ್ಕೆ ಉಂಟಾ?"

ಅದಕ್ಕೂ ಇಲ್ಲ.

ಶ್ರೀನಾಥ್ ನಡುವೆ ಬಂದರು. "ಮೇಡಂ, ಸಿಂಪಲ್. ಕೊನೆ ಸೀನಲ್ಲಿ ಅವಳೇ ಬರೀಲಿ. ಎಂಪಿ ಬರ್ತಿದಾರೆ. ಆ ಕಾಲದಲ್ಲೇ ನಮ್ಮ ಹೆಂಗಸ್ರೆಲ್ಲ ಲಿಟರೇಟ್ ಅಂದ್ರೆ ಎಷ್ಟು ಪ್ರೌಡ್ ಅಲ್ವಾ!"

"ಎಲ್ಲಾರೂ ಅಂತ ಯಾರು ಹೇಳ್ಯಾರ?"

"ಇದು ನಾಟಕ ಮೇಡಂ, ನಿಮ್ಮ ನ್ಯೂಸ್‌ಪೇಪರ್ ಅಲ್ಲ."

ಹುಬ್ಬಳ್ಳಿಯ ಪತ್ರಿಕೆಯ ಡೆಸ್ಕಿನಲ್ಲಿ ಕೂತವಳು ನಾನು. ಖಚಿತವಿಲ್ಲದ್ದನ್ನು ಅಚ್ಚಿಗೆ ಬಿಟ್ಟವಳಲ್ಲ. ಮತ್ತೆ— ಬರೆಯದಿದ್ದರೆ ಅವಳಿಗೆ ಮಾನವಿಲ್ಲ ಎಂದು ಇವರೆಲ್ಲ ಯಾಕೆ ತಿಳಿದಿದ್ದಾರೆ? ಮಂತ್ರಿಯ ಹೆಂಡತಿಯೂ ಅದನ್ನೇ ಅಲ್ಲವೇ ಹೇಳುವುದು? ಗಟ್ಟಿಯಾಗಿಯೇ ಕೇಳಿದೆ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಸಮೋಸ ಬಂದಿತ್ತು.

ಮೇ 25, ಭಾನುವಾರ

ಇಷ್ಟು ದಿನ ಬರೆಯಲಿಲ್ಲ. ಬರೆದಿದ್ದರೆ ಬರೀ ಬೈಗುಳ.

ನಮ್ಮ ಕನ್ನಡ ಸಂಘದ ಸಮಿತಿ ಶ್ರೀನಾಥ್ ಪರ. ನನ್ನ ಹೆಸರು ತೆಗೆಯಿರಿ ಎಂದೆ. "ಬ್ರೋಷರ್ ಪ್ರಿಂಟ್ ಆಗಿದೆ ಮೇಡಂ."

ಈಗ ಓಲೆಗರಿ ಹಿಂದಿನ ಸಾಲಿಗೂ ಕಾಣಬೇಕಂತೆ. ಆಳುದ್ದದ ಕಾರ್ಡ್‌ಬೋರ್ಡ್ ಗರಿ, ದಪ್ಪ ಮಾರ್ಕರ್. ಮೆಲ್ಬರ್ನ್‌ನವರು ಮಾಡಿಸುತ್ತಾರಂತೆ. ಇಲ್ಲಿ ನಿರೀಕ್ಷಾ ಗಾಳಿಯಲ್ಲಿ ಕೈಯಾಡಿಸಿದಳು. "ಸೂಪರ್" ಎಂದರು.

ಹೊರಡುವಾಗ ಅವಳು ಹತ್ತಿರ ಬಂದಳು. "ಆಂಟಿ, ಆಕ್ಚುಲಿ, ಕೊನೆ ಸೀನಲ್ಲಿ ನಾನು—" ಕುಸುಮಾವತಿ ಕಾರಿನ ಹಾರ್ನ್ ಒತ್ತಿದರು. ಓಡಿದಳು.

ಮೇ 31, ಶನಿವಾರ. ಮೆಲ್ಬರ್ನ್, ಸಂಜೆ

ಗ್ರೀನ್‌ರೂಮ್. ಹೀಟರ್ ಕೆಟ್ಟಿದೆ. ಬೆರಳು ಸೆಟೆದಿವೆ.

ನಡೆದದ್ದು ನಡೆದಂತೆ. ಕೊನೆಯ ದೃಶ್ಯ. ಲಿಪಿಕಾರನಾಗಿದ್ದ ಶ್ರೀನಾಥ್ ಮಾರ್ಕರ್ ಕೊಟ್ಟರು. ನಿರೀಕ್ಷಾ ಹಿಡಿದು ನಿಂತಳು. ಬರೆಯಲಿಲ್ಲ.

"ಬರಿಯಮ್ಮ, ಯಾವ್ದಾದ್ರೂ ಒಂದು ಲೈನ್." ಪಿಸುಮಾತು ಮೈಕಿನಲ್ಲಿ ಇಡೀ ಸಭೆಗೆ ಕೇಳಿಸಿತು.

ಅವಳು ತಾಯಿಯತ್ತ ನೋಡಿದಳು. ಮುಂದಿನ ಸಾಲಿನಲ್ಲಿ ಕುಸುಮಾವತಿ ತಲೆ ತಗ್ಗಿಸಿದ್ದರು. ಮಾರ್ಕರನ್ನು ಶ್ರೀನಾಥರ ಕೈಗೇ ವಾಪಸ್ ಇಟ್ಟಳು.

"ನನಗೆ ಬರೆಯಲು ಬಾರದು. ನಾನು ಹೇಳುವೆ, ನೀವು ಬರೆಯಿರಿ."

ನಾನು ಬರೆದಿದ್ದ ಮಾತು. ಇವರು ಹೊಡೆದುಹಾಕಿದ್ದ ಮಾತು. ಆಮೇಲೆ ಒನಕೆಯ ಲಯಕ್ಕೆ ವಚನ ಹೇಳಿದಳು. ಒಂದಕ್ಷರ ತಪ್ಪಲಿಲ್ಲ. ಶ್ರೀನಾಥ್ ಬರೆದರು. ನಾನಿದ್ದ ಸೈಡ್‌ವಿಂಗಿಗೆ ಗರಿಯ ಬೆನ್ನು ಮಾತ್ರ ಕಾಣುತ್ತಿತ್ತು. ಭಾರೀ ಚಪ್ಪಾಳೆ.

ಕುಸುಮಾವತಿ ಒಳಗೆ ಬಂದು ನನ್ನ ಕೈ ಹಿಡಿದರು. "ಕನ್ನಡ ಕ್ಲಾಸಿಗೆ ಕಳಿಸ್ಲಿಲ್ಲ ಅಕ್ಕ, ಅಕ್ಷರ ಬರುದಿಲ್ಲ ಅವಳಿಗೆ. ಅದೇ ಹೊತ್ತಿಗೆ ಮ್ಯಾಥ್ಸ್ ಕೋಚಿಂಗ್ ಇತ್ತು. ಡೈಲಾಗೆಲ್ಲ ನಾನೇ ವಾಟ್ಸಾಪಲ್ಲಿ ಹೇಳಿ ಕಳಿಸ್ತಿದ್ದೆ. ಯಾರತ್ರ ಹೇಳ್ಬೇಡಿ ಆಯ್ತಾ."

ಇಯರ್‌ಫೋನಿನಲ್ಲಿದ್ದದ್ದು ಹಾಡಲ್ಲ. ನನ್ನ ನಾಟಕ. ಆಧಾರ, ಆಧಾರ ಎಂದು ಕೂಗಿದ ನಾನು ಆ ಹುಡುಗಿಯನ್ನು ಒಮ್ಮೆಯೂ ಕೇಳಲಿಲ್ಲ.

ಗೆದ್ದೆ ಅನ್ನಿಸಬೇಕಿತ್ತು. ಅನ್ನಿಸುತ್ತಿಲ್ಲ.

ಜೂನ್ 1, ಭಾನುವಾರ. ಮೆಲ್ಬರ್ನ್ ಏರ್‌ಪೋರ್ಟ್

ಫ್ಲೈಟ್ ತಡ. ಗ್ರೂಪಿನಲ್ಲಿ ಶ್ರೀನಾಥ್ ಮೆಸೇಜು— ಕೊನೆ ಸೀನ್ ಸೂಪರ್ ಹಿಟ್, ಇನ್ಮೇಲೆ ಹಾಗೇ ಮಾಡೋಣ. ಜೊತೆಗೆ ಫೋಟೋ.

ದೊಡ್ಡದು ಮಾಡಿ ನೋಡಿದೆ. ಗರಿಯ ಮೇಲಿರುವುದು ವಚನವಲ್ಲ. 'ಸಿಡ್ನಿ ತಂಡದಿಂದ ಎಲ್ಲರಿಗೂ ನಮಸ್ಕಾರ.' ಕೆಳಗೆ ಒಂದು ಹೂವು. ಓದು ಬಲ್ಲ ಸಭೆ ಅದನ್ನು ಓದಿಕೊಂಡೇ ಚಪ್ಪಾಳೆ ತಟ್ಟಿತು.

ನಿರೀಕ್ಷಾ ಬಂದು ಪಕ್ಕದಲ್ಲಿ ಕೂತಿದ್ದಾಳೆ. ಅವಳ ಫೋನಿನಲ್ಲೂ ಅದೇ ಫೋಟೋ. ಅಕ್ಷರಗಳ ಮೇಲೆ ಬೆರಳಾಡಿಸುತ್ತಿದ್ದಾಳೆ.

"ನಾನು ಹೇಳಿದ್ದೇ ಬರ್ದಿದಾರಲ್ಲ, ಆಂಟಿ? ಓದಿ ಹೇಳಿ, ಪ್ಲೀಸ್."

ಒಂದು ನಿಮಿಷ ಎಂದೆ. ಇದನ್ನು ಬರೆಯುವ ನೆಪ. ಕಾಯುತ್ತಿದ್ದಾಳೆ. ಅವಳಿಗೆ ಯಾವುದನ್ನು ಓದಿ ಹೇಳಲಿ— ಗರಿಯ ಮೇಲಿರುವುದನ್ನೇ, ಅವಳು ಹೇಳಿದ ವಚನವನ್ನೇ?