ಸಾಕ್ಷಿಗೆಂದು ಕಳಿಸಿದ್ದು

ಮಂಗಳವಾರ, ಹದಿನಾಲ್ಕು

ಮಗಳು ಇವತ್ತೂ ಉಣ್ಣಲಿಲ್ಲ. ಯಾವ ಮುಖ ಹೊತ್ತು ಅವಳ ಬಾಗಿಲು ತಟ್ಟಲಿ?

ತನ್ನ ಕ್ಲಾಸಿನ ಒಬ್ಬ ಹುಡುಗನನ್ನು ನಂಬಿ, ಯಾರೂ ನೋಡಬಾರದಂಥ ತನ್ನ ಒಂದು ಫೋಟೊ ಕಳಿಸಿದ್ದಳು. ಅವನು ಅದನ್ನು ಗೆಳೆಯನಿಗೆ ತೋರಿಸಿದ. ಗೊತ್ತಾದ ದಿನ ನನಗೆ ಮೈಯೆಲ್ಲ ಉರಿ. ಸಾಕ್ಷಿ ಇಲ್ಲದೆ ಯಾರು ನಂಬುತ್ತಾರೆ ಎಂದು ಅವಳ ಫೋನಿನಿಂದ ಅದನ್ನೇ ಟೀಚರಿಗೆ ಕಳಿಸಿದೆ. ಟೀಚರು ಹೆಡ್‌ಮೇಡಮ್ಮಿಗೆ, ಅವರು ಶಾಲೆಯ ಕಮಿಟಿಗೆ. ಸಿಟ್ಟಿನಲ್ಲಿ ಮೂಗು ಕೊಯ್ದುಕೊಳ್ಳುತ್ತಾರಂತೆ. ನಾನು ಮಗಳದ್ದು ಕೊಯ್ದೆ.

ಕಮಿಟಿಯವರು ಪೊಲೀಸರಿಗೆ ತಿಳಿಸಿ, ಇವತ್ತು ಮಗಳನ್ನೂ ನನ್ನನ್ನೂ ಠಾಣೆಗೆ ಕರೆಸಿದ್ದರು. ಅಲ್ಲಿ ಇನ್‌ಸ್ಪೆಕ್ಟರಮ್ಮ ದನಿ ತಗ್ಗಿಸಿ ಹೇಳಿದರು: "ಹದಿನೈದರ ಮಗು ಅಮ್ಮಾ. ಇಂಥ ಫೋಟೊ ಯಾರು ಕಳಿಸಿದ್ರೂ, ತೋರಿಸಿದ್ರೂ ಅಪರಾಧಾನೇ. ಆ ಹುಡುಗ, ನೀವು, ಕಾನೂನಿನ ಪ್ರಕಾರ ನೋಡಿದ್ರೆ ಅವಳೂ."

ಅವಳೂ ಅಂತೆ! ಅತ್ತವಳನ್ನೂ ಅಳಿಸಿದವರನ್ನೂ ಒಂದೇ ಬೆಂಚಿನಲ್ಲಿ ಕೂರಿಸುವ ಕಾನೂನು ಅದೆಂಥದ್ದೋ.

ವಾಪಸ್ ಬರುವಾಗ ಬಸ್ಸಿನಲ್ಲಿ ಅವಳು ಆಡಿದ್ದು ಒಂದೇ ಮಾತು: "ಅವನು ಒಬ್ಬನಿಗೆ ತೋರಿಸ್ದ. ನೀನು ಇಡೀ ಸ್ಕೂಲಿಗೇ ತೋರಿಸ್ದೆಯಲ್ಲಮ್ಮ."

ನನ್ನ ಹೊಲಿಗೆ ಅಂಗಡಿಯಲ್ಲಿ ಯಾರ ಮಗಳ ಅಳತೆ ತೆಗೆಯುವುದಿದ್ದರೂ ಮೊದಲು ಪರದೆ ಎಳೆಯುತ್ತೇನೆ. ಇಪ್ಪತ್ತು ವರ್ಷದಲ್ಲಿ ಒಂದು ದಿನವೂ ಮರೆತಿಲ್ಲ. ನನ್ನ ಮಗಳಿಗೆ ಮಾತ್ರ…