ಎದುರು ದಡದ ಬಾವುಟ

ಲಿಂಡೆನೆಕ್ ಕೋಟೆ,
ರೈನ್ ನದಿಯ ಬಲದಂಡೆ
೯ ಅಕ್ಟೋಬರ್ ೧೯೮೬

ಪ್ರೀತಿಯ ತಂಗಿ ಗೀಜೆಲಾ,

ಲಕೋಟೆಯ ಮೇಲೆ ಮಠದ ಹೆಸರನ್ನೇ ಬರೆದಿದ್ದೇನೆ, ಸಿಸ್ಟರ್ ಲಿಯೋಬಾ ಎಂದು. ಒಳಗೆ ಮಾತ್ರ ನನ್ನಿಂದಾಗದು. ಮೂಗು ಸೋರಿಸಿಕೊಂಡು ನನ್ನ ಲಂಗ ಹಿಡಿದು ಓಡಾಡಿದವಳನ್ನು ಸಿಸ್ಟರ್ ಎನ್ನಲು ನಾಲಿಗೆ ಹೊರಳುವುದಿಲ್ಲ. ನಿನ್ನ ಮೂರು ಪತ್ರಗಳು ಅಡುಗೆಮನೆಯ ಗಡಿಯಾರದ ಹಿಂದೆ ಕೂತಿವೆ. ಪ್ರವಾಸಿಗರ ಕಾಟ, ಮಂಡಿನೋವು ಎಂದೆಲ್ಲ ನೆಪ ಹೇಳಬಹುದಿತ್ತು. ಹೇಳುವುದಿಲ್ಲ. ಕ್ಷಮಿಸು.

ಇದನ್ನು ಕೂತುಕೊಂಡೇ ಓದು. ಅಣ್ಣ ಹೋದ, ಗೀಜೆಲಾ. ನಮ್ಮ ಎಗೋನ್ ಸೆಪ್ಟೆಂಬರ್ ಹದಿನೆಂಟರಂದು ಮೈನ್ಸ್‌ನ ಆಸ್ಪತ್ರೆಯಲ್ಲಿ ತೀರಿಕೊಂಡ. ನನಗೆ ತಿಳಿದದ್ದು ಹೋದ ಶನಿವಾರ. ದೋಣಿಯಲ್ಲಿ ಹತ್ತು ನಿಮಿಷದ ದೂರ, ನನ್ನ ಕಿಟಕಿಯಿಂದ ದಿನವೂ ಕಾಣುವ ಕೋಟೆ. ಅಲ್ಲಿದ್ದ ಅಣ್ಣ ಸತ್ತ ಸುದ್ದಿ ನನಗೆ ಗೊತ್ತಾಗಲು ಹದಿನಾರು ದಿನ ಬೇಕಾಯಿತು. ಅದು ಹೇಗೆ ಎಂದು ನೀನು ಕೇಳುತ್ತೀಯ. ಅದನ್ನೇ ಬರೆಯಲು ಕೂತಿದ್ದೇನೆ.

ಸಂಜೆ ಆರರ ಬಾವುಟ ನಿನಗೆ ಮರೆತಿರಲಾರದು. ಅಪ್ಪ ಈ ಲಿಂಡೆನೆಕ್‌ನ ಪಾರುಪತ್ಯಗಾರ, ಎಗೋನ್‌ಗೆ ಇಪ್ಪತ್ತನಾಲ್ಕನೇ ವಯಸ್ಸಿಗೇ ಎದುರಿನ ಡೋಲೆನ್‌ಸ್ಟೈನ್ ಕೋಟೆಯ ಪಾರುಪತ್ಯ. ಬಾಗಿಲು ಮುಚ್ಚುವ ಹೊತ್ತಿಗೆ ಇಬ್ಬರೂ ಬಾವುಟದ ಹಗ್ಗ ಹಿಡಿದು ನಿಲ್ಲುತ್ತಿದ್ದರು. ಒಂದು ಅಲುಗಿತೆಂದರೆ ಇನ್ನೊಂದು ಅಲುಗಬೇಕು. ಅಮ್ಮ ಅಡುಗೆಮನೆಯಿಂದಲೇ "ಎರಡೂ ಮನೆ ಬಾಗಿಲು ಹಾಕಿದ್ವು" ಎನ್ನುತ್ತಿದ್ದಳು. ಬಾವುಟ ಇಳಿದು, ಮತ್ತೆ ಅರ್ಧ ಏರಿ, ಮತ್ತೆ ಇಳಿದರೆ, 'ಈ ದಡಕ್ಕೆ ಬಾ' ಎಂದು ಅರ್ಥ. ಕಾಲು ಮುರಿದಾಗ ಎಗೋನ್ ಹಾಗೆ ಕರೆದಿದ್ದ. ಇನ್ನೊಂದು ಸಲ ಹಾಗೇ ಕರೆದಾಗ ನಾವೆಲ್ಲ ಎದ್ದೆವೋ ಬಿದ್ದೆವೋ ಎಂದು ಓಡಿದರೆ ಮಹಾರಾಯ ಹೊಸ ದ್ರಾಕ್ಷಾರಸದ ಪೀಪಾಯಿ ಬಿಚ್ಚಿ ಕೂತಿದ್ದ. "ಒಬ್ನೇ ಕುಡಿಯೋಕ್ ಬೇಜಾರು" ಎಂದ. ಅಪ್ಪ ಬೈದರು, ಆಮೇಲೆ ಎಲ್ಲರಿಗಿಂತ ಹೆಚ್ಚು ಕುಡಿದರು.

ಅಪ್ಪನ ನಂತರ ಈ ಹಗ್ಗ ನನ್ನ ಕೈಗೆ ಬಂತು. ಅಮ್ಮ ಹೋದದ್ದು ಎಪ್ಪತ್ತೈದರ ಫೆಬ್ರವರಿಯಲ್ಲಿ, ದೊಡ್ಡ ನೆರೆಯ ವಾರ. ದೋಣಿ ನಿಂತಿತ್ತು, ದಂಡೆಯ ರಸ್ತೆ ನೀರಿನಡಿ ಇತ್ತು, ನಮಗೆ ಹತ್ತಿರದಲ್ಲಿ ಸೇತುವೆಯೂ ಇಲ್ಲ. ಆದರೂ ಬೆಟ್ಟದ ಮೇಲಿನಿಂದ ಸುತ್ತಿಕೊಂಡು ಬರಬಹುದಿತ್ತು ಎಂದೇ ನನ್ನ ಹಟ. ಅಮ್ಮ ಎರಡು ದಿನ ಬಾಗಿಲು ನೋಡುತ್ತ ಅವನನ್ನು ಕೇಳಿದಳು. ಅವನು ಬಂದದ್ದು ಮಣ್ಣು ಮಾಡಿದ ಮಾರನೆಯ ದಿನ, ಸೊಂಟದವರೆಗೆ ಕೆಸರು ಮಾಡಿಕೊಂಡು. "ಟಿಲಿ, ದಾರೀನೇ ಇರ್ಲಿಲ್ಲ ಕಣೆ" ಎಂದ. "ಮನಸ್ಸಿದ್ದೋರಿಗೆ ಇತ್ತು" ಎಂದು ನಾನು ಹೆಬ್ಬಾಗಿಲು ಹಾಕಿಕೊಂಡೆ. ಆಮೇಲೆ ಊರಿನಲ್ಲಿ ಅಂಗಡಿಯವರಿಗೆ, ಪಾದ್ರಿಗೆ, ದೋಣಿಯ ಹೈನರ್‌ಗೆ, ಎಲ್ಲರಿಗೂ ಹೇಳಿದೆ: ನನ್ನೆದುರು ಅವನ ಹೆಸರೆತ್ತಬೇಡಿ. ನಮ್ಮ ಜನ ನಿನಗೆ ಗೊತ್ತಲ್ಲ, ಹೇಳಿದ್ದನ್ನು ಹೇಳಿದ ಹಾಗೇ ಪಾಲಿಸುತ್ತಾರೆ.

ಹನ್ನೊಂದು ವರ್ಷ ಮಾತಿಲ್ಲ, ಕತೆಯಿಲ್ಲ. ಬಾವುಟ ಮಾತ್ರ ತಪ್ಪಲಿಲ್ಲ. ನಾನು ಇಳಿಸಿದ ಕೂಡಲೇ ಅವನದು ಇಳಿಯುತ್ತಿತ್ತು. ನೀನು ಪ್ರತಿ ಪತ್ರದಲ್ಲೂ "ಅಣ್ಣ ಹೇಗಿದ್ದಾನೆ" ಎಂದು ಕೇಳಿದಾಗ "ಬಾವುಟ ಇಳಿಯುತ್ತಿದೆ, ಚೆನ್ನಾಗಿದ್ದಾನೆ" ಎಂದು ಒಂದು ಸಾಲು ಗೀಚುತ್ತಿದ್ದೆ. ನನಗೂ ಅದಕ್ಕಿಂತ ಹೆಚ್ಚು ಗೊತ್ತಿರಲಿಲ್ಲ. ಈ ಸೆಪ್ಟೆಂಬರಿನಲ್ಲಿ ಅವನ ಬಾವುಟ ಚುರುಕಾಗಿ ಇಳಿಯತೊಡಗಿತು. ಮುದುಕನ ಭುಜದ ನೋವು ವಾಸಿಯಾಗಿರಬೇಕು ಎಂದು ನನಗೆ ಸ್ವಲ್ಪ ಹೊಟ್ಟೆಕಿಚ್ಚೂ ಆಯಿತು. ಇಪ್ಪತ್ತೆರಡರ ಸೋಮವಾರ ಆ ದಡದ ಇಗರ್ಜಿಯ ಸಾವಿನ ಗಂಟೆ ಕೇಳಿಸಿತು. "ಆ ಕಡೆ ಯಾರೋ ಹೋದ್ರು" ಎಂದು ಹಾಲಿನವಳಿಗೆ ಹೇಳಿದೆ. ಅವಳು ನನ್ನ ಮುಖ ನೋಡಿ, ಹಾಲು ಅಳೆದುಕೊಟ್ಟು ಹೋದಳು.

ನೀನು ಆಗಸ್ಟಿನಲ್ಲಿ ಬರೆದಿದ್ದೆ, ಹೊಸ ದ್ರಾಕ್ಷಾರಸ ಬರುವ ಮೊದಲು ಹೋಗಿ ಅವನನ್ನು ನೋಡು ಎಂದು. ಹೋದ ಶನಿವಾರ ಹೊರಟೆ. ಅಮ್ಮನ ತಟ್ಟೆಯಲ್ಲಿ ಪ್ಲಮ್ ಹಣ್ಣಿನ ಕೇಕ್ ಬೇಯಿಸಿಕೊಂಡೆ. ಪಾರುಪತ್ಯಗಾರ್ತಿ ಎಂದು ಹೇಳಿಕೊಳ್ಳದೆ, ಮೂರು ಮಾರ್ಕ್ ಕೊಟ್ಟು ಟಿಕೆಟ್ ತೆಗೆದುಕೊಂಡು, ಡೋರ್ಟ್‌ಮುಂಡ್‌ನಿಂದ ಬಂದ ಒಂದು ಬೌಲಿಂಗ್ ಕ್ಲಬ್ಬಿನ ಗುಂಪಿನ ಹಿಂದೆ ನಿಂತೆ. ಹನ್ನೆರಡು ಜನ, ಬೆಳಗಿನಿಂದಲೇ ವೈನ್ ಇಳಿಸಿದವರು. ಅಣ್ಣ ಕೋಟೆ ತೋರಿಸುತ್ತ ಬರುತ್ತಾನೆ, ಸಾಲಿನ ಕೊನೆಯಲ್ಲಿ ನನ್ನನ್ನು ಕಂಡು ಮಾತು ತೊದಲುತ್ತಾನೆ, ಅಷ್ಟು ಸಾಕು ಎಂದುಕೊಂಡಿದ್ದೆ.

ಬಂದದ್ದು ಒಬ್ಬ ಹೆಂಗಸು, ಐವತ್ತರ ಆಸುಪಾಸಿನ ನೋಲ್ಡೆ ಎಂಬಾಕೆ. ಇವತ್ತು ಅವನಿಗೆ ರಜೆ ಇರಬೇಕು ಎಂದುಕೊಂಡೆ. ಬೂಟಿನ ಮೇಲೆ ಹಾಕಿಕೊಳ್ಳುವ ಉಣ್ಣೆ ಚಪ್ಪಲಿ ಹಂಚಿದಳು. ಅವೆಲ್ಲ ಶುಚಿಯಾಗಿದ್ದವು, ನಮ್ಮವಕ್ಕಿಂತ. ದೊಡ್ಡ ಹಜಾರದ ಕಿಟಕಿಗಳಲ್ಲಿ ಜೇಡರಬಲೆ ಹುಡುಕಿದೆ, ಒಂದೂ ಸಿಗಲಿಲ್ಲ. ಅಷ್ಟರಲ್ಲಿ ಕ್ಲಬ್ಬಿನ ದಪ್ಪ ಮನುಷ್ಯನೊಬ್ಬ, "ಏನ್ ಮೇಡಂ, ಈ ಕೋಟೇಲಿ ಒಂದ್ ದೆವ್ವಾನೂ ಇಲ್ವಾ? ಹಂಗಾದ್ರೆ ದುಡ್ಡು ವಾಪಸ್ ಕೊಡಿ" ಎಂದ.

"ಎಲ್ಲಿಂದ ಬರ್ಬೇಕು ಸಾರ್ ದೆವ್ವ" ಎಂದಳು ನೋಲ್ಡೆ. "ನಮ್ಮ ಹಳೇ ಪಾರುಪತ್ಯಗಾರ್ರು ಮೂವತ್ತೊಂಬತ್ತು ವರ್ಷ ಇಲ್ಲಿದ್ರು. ಚಪ್ಪಲಿ ಹಾಕ್ದೆ ಒಳಗ್ ಬಂದ್ರೆ ದೆವ್ವಾನೂ ಆಚೆ ಕಳಿಸ್ತಿದ್ರು. ಪಾಪ, ಅವ್ರು ತೀರ್ಕೊಂಡು ಇವತ್ತಿಗೆ ಹದಿನಾರು ದಿನ."

ದೆವ್ವದ ಮಾತಿಗೆ ನಕ್ಕಿದ್ದವರು ಆಕೆಯ ಹಿಂದೆ ಮುಂದಕ್ಕೆ ನಡೆದರು. ಕೇಕಿನ ತಟ್ಟೆ ಹಿಡಿದುಕೊಂಡು ನಾನು ಮುಂದಿನ ಎರಡು ಕೋಣೆಗಳನ್ನೂ ನೋಡಿದೆ, ಗೀಜೆಲಾ. ಆಯುಧಗಳ ಕೋಣೆ, ಹಳೆಯ ಒಲೆ, ಎಲ್ಲವನ್ನೂ ನೋಡಿದೆ. ಕಾಲು ಗುಂಪಿನ ಹಿಂದೆ ತಾನಾಗಿ ನಡೆಯುತ್ತಿತ್ತು.

ಗುಂಪು ಹೋದ ಮೇಲೆ ನಾನು ಯಾರೆಂದು ಹೇಳಿದೆ. ಆಕೆ ನನ್ನನ್ನು ಕೂರಿಸಿ ನೀರು ಕೊಟ್ಟಳು. ಎಗೋನ್‌ನ ಹೊಟ್ಟೆಯಲ್ಲಿ ಗಡ್ಡೆಯಾಗಿತ್ತಂತೆ. ಬೇಸಿಗೆಯಿಂದ ಗೊತ್ತಿತ್ತಂತೆ, ಯಾರಿಗೂ ಬಾಯಿಬಿಟ್ಟಿರಲಿಲ್ಲ. ಸೆಪ್ಟೆಂಬರ್ ಐದರ ಬೆಳಿಗ್ಗೆ ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದಾರೆ. ಅಂದಿನಿಂದ ಕೋಟೆ ಆಕೆಯ ಕೈಯಲ್ಲಿದೆ.

"ನಾನೇ ಕೇಳ್ದೆ ಅಮ್ಮಾ" ಎಂದಳು. "ನಿಮ್ಮ ತಂಗಿಗೆ ಹೇಳಿಕಳಿಸ್ಲಾ ಅಂತ. 'ಬೇಡ, ಟಿಲಿಗೆ ನಾನೇ ತಿಳಿಸಿದೀನಿ' ಅಂದ್ರು. 'ಮಠದಲ್ಲಿರೋ ಚಿಕ್ಕವಳಿಗೆ ಟಿಲಿ ಬರೀತಾಳೆ' ಅಂದ್ರು. ದಿನಾ ಬಾಗಿಲು ನೋಡ್ತಿದ್ರು. ಮಣ್ಣಿಗೂ ನೀವು ಬರ್ದಿದ್ದಾಗ ನಾನು... ಬೇಜಾರ್ ಮಾಡ್ಕೋಬೇಡಿ, ಎಂಥಾ ಕಲ್ಲುಮನಸ್ಸು ಅಂದ್ಕೊಂಡೆ."

"ನಂಗೆ ಯಾವ ಸುದ್ದೀನೂ ಬರ್ಲಿಲ್ಲ" ಎಂದೆ.

ಆರಕ್ಕೆ ಐದು ನಿಮಿಷ ಇರುವಾಗ ಆಕೆ ಎದ್ದು ಗೋಪುರದ ಮೆಟ್ಟಿಲು ಹತ್ತಿದಳು. ನಾನೂ ಹಿಂದೆ ಹೋದೆ. ಬಾವುಟದ ಕಂಬದ ಪಕ್ಕ ಗೋಡೆಗೆ ಒಂದು ಚೀಟಿ ಅಂಟಿಸಿತ್ತು. ಅಣ್ಣನ ಅಕ್ಷರ: "ಆರಕ್ಕೆ ಸರಿಯಾಗಿ. ಎದುರಿನದು ಅಲುಗಿದ ಮೇಲೆ ಮಾತ್ರ." ನೋಲ್ಡೆ ಹಗ್ಗ ಹಿಡಿದು ನಿಂತು ನನ್ನ ಕೋಟೆಯನ್ನೇ ನೋಡುತ್ತಿದ್ದಳು. ಆರು ಹೊಡೆಯಿತು. ಆರೂ ಐದಾಯಿತು. ಅಲ್ಲಿಂದ ಲಿಂಡೆನೆಕ್ ಎಷ್ಟು ಚಿಕ್ಕದಾಗಿ ಕಾಣುತ್ತದೆಂದು ನನಗೆ ಗೊತ್ತಿರಲಿಲ್ಲ.

"ಆ ಕಡೆ ಇನ್ನೂ ಅಲುಗಿಲ್ಲ" ಎಂದಳು, ಯಾರೊಡನೆ ಮಾತಾಡುತ್ತಿದ್ದೇನೆಂಬುದು ಒಂದು ಗಳಿಗೆ ಮರೆತವಳಂತೆ.

"ಇವತ್ತು ಅಲುಗಲ್ಲ" ಎಂದೆ. "ಇಳಿಸೋಳು ಇಲ್ಲೇ ನಿಂತಿದಾಳೆ. ಕೊಡಿ ಇಲ್ಲಿ." ಅಣ್ಣನ ಬಾವುಟವನ್ನು ನಾನೇ ಇಳಿಸಿ, ಮಡಚಿ, ಅವಳ ಕೈಗೆ ಕೊಟ್ಟು ಬಂದೆ. ಕೇಕ್ ಅಲ್ಲೇ ಬಿಟ್ಟೆ.

ದೋಣಿಯಲ್ಲಿ ಹೈನರ್‌ನನ್ನು ಹಿಡಿದುಕೊಂಡೆ. "ಎಗೋನ್ ಸತ್ತಿದ್ದು ನಿಂಗೊತ್ತಿತ್ತಲ್ಲ. ದಿನಾ ನನ್ನ ನೋಡ್ತೀಯ, ಒಂದ್ ಮಾತು ಹೇಳೋಕಾಗ್ಲಿಲ್ವೇನೋ?"

ಅವನು ಟೋಪಿ ತೆಗೆದ. "ನಿಂಗೊತ್ತಿದೆ ಅಂದ್ಕೊಂಡಿದ್ದೆ ಟಿಲಿ. ಅಲ್ದೆ ಅವನ ಹೆಸರೆತ್ತಿದ್ರೆ ನನ್ನ ದೋಣಿ ಹತ್ತಲ್ಲ ಅಂದೋಳು ನೀನೇ ತಾನೆ?" ಟಿಕೆಟ್ಟಿನ ದುಡ್ಡು ತೆಗೆದುಕೊಳ್ಳಲಿಲ್ಲ. ನನಗೆ ಅವನ ಮೇಲೆ ಕೋಪವೂ ಬರಲಿಲ್ಲ.

ಅಣ್ಣನನ್ನು ಡೋಲೆನ್‌ಸ್ಟೈನ್ ಕೆಳಗಿನ ಇಗರ್ಜಿಯ ಅಂಗಳದಲ್ಲಿ, ಗೋಡೆಯ ಕಡೆಗೆ ಇಟ್ಟಿದ್ದಾರೆ. ಅಲ್ಲಿಂದ ನದಿ ಕಾಣುತ್ತದೆ. ನೀನು ಅಲ್ಲಿಂದಲೇ ಅವನಿಗಾಗಿ ಪ್ರಾರ್ಥಿಸು. ನಿನ್ನ ಪ್ರಾರ್ಥನೆಗೆ ನನ್ನದಕ್ಕಿಂತ ಬೆಲೆ ಹೆಚ್ಚು. ಚಳಿ ಶುರುವಾಗಿದೆ, ಆ ಕಲ್ಲುನೆಲದ ಮೇಲೆ ಬರಿಗಾಲಲ್ಲಿ ಓಡಾಡಬೇಡ, ದಪ್ಪ ಕಾಲುಚೀಲ ಹೆಣೆದು ಕಳಿಸುತ್ತೇನೆ. ನಮ್ಮಲ್ಲಿ ಉಳಿದವಳು ನೀನೊಬ್ಬಳು. ದೇವರು ನಿನ್ನನ್ನು ನೂರು ಕಾಲ ಸುಖವಾಗಿ ಇಟ್ಟಿರಲಿ.

ನಿನ್ನ ಅಕ್ಕ,
ಒಟೀಲಿ

ಮ.ಮ: ಇದು ಮರೆತು ಬಿಟ್ಟದ್ದಲ್ಲ, ಮೇಲೆ ಬರೆಯಲಾಗದೆ ಬಿಟ್ಟದ್ದು. ನೋಲ್ಡೆಗೆ ನಾನು ಸುಳ್ಳು ಹೇಳಿದೆ. ಅಣ್ಣ ನನಗೆ ತಿಳಿಸಿದ್ದ. ಸೆಪ್ಟೆಂಬರ್ ನಾಲ್ಕರ ಸಂಜೆ ನನ್ನ ಬಾವುಟ ಇಳಿಯಿತು, ಅವನದೂ ಇಳಿಯಿತು. ಆಮೇಲೆ ಅವನದು ಅರ್ಧದವರೆಗೆ ಮತ್ತೆ ಏರಿತು, ತುಂಬ ನಿಧಾನವಾಗಿ, ನಡುವೆ ಎರಡು ಸಲ ನಿಂತು. ಮತ್ತೆ ಇಳಿಯಿತು. ನಾನು ಪೂರ್ತಿ ನೋಡಿದೆ. ಹಗ್ಗ ಸಿಕ್ಕಿಕೊಂಡಿರಬೇಕು ಎಂದು ನನಗೆ ನಾನೇ ಹೇಳಿಕೊಂಡು ಒಳಗೆ ಹೋಗಿ ಆಲೂಗಡ್ಡೆ ಸೂಪ್ ಬಿಸಿ ಮಾಡಿಕೊಂಡೆ. ಅಮ್ಮ ಎರಡು ದಿನ ಕಾದಳು, ಇವನೂ ಒಂದು ದಿನ ಕಾಯಲಿ, ನಾಳೆ ಮತ್ತೆ ಕರೆದರೆ ಹೋದರಾಯಿತು ಎಂದುಕೊಂಡೆ. ಮಾರನೆಯ ಸಂಜೆ ಬಾವುಟ ಒಂದೇ ಸಲ ಇಳಿಯಿತು. ಅವನು ಕರೆದ ದಿನ ನದಿಯಲ್ಲಿ ನೆರೆ ಇರಲಿಲ್ಲ, ಗೀಜೆಲಾ. ರಾತ್ರಿ ಎಂಟರವರೆಗೂ ದೋಣಿ ಓಡುತ್ತಿತ್ತು.