ಚಂದ್ರಭಾಗಾಳ ಉಣ್ಣೆ ರಸೀದಿ

ಅಕ್ಕಲಕೋಟ, ನವೆಂಬರ್ ೧೪, ಶುಕ್ರವಾರ

ನಮ್ಮ ಉಣ್ಣೆ ಗೋದಾಮಿನ ಲೆಕ್ಕದ ಸಾಫ್ಟ್‌ವೇರ್‌ನ ಹೊಸ ಆವೃತ್ತಿ ಬಂದಿದೆ, ಜೊತೆಗೊಂದು ಮೊಬೈಲ್ ಆ್ಯಪ್. ರಸೀದಿ ನೇರ ಫೋನಿಗೆ ಹೋಗುತ್ತದೆ. ಮರಾಠಿ ಸರಿಯಾಗಿ ಮೂಡುತ್ತದೆ, ಕನ್ನಡ ಮಾತ್ರ ಬರೀ ಚೌಕಗಳಾಗುತ್ತದೆ. ಹಳೆಯ ಆವೃತ್ತಿಯಲ್ಲಿ ಕನ್ನಡ ಚೆನ್ನಾಗಿದೆ, ಆದರೆ ಆ್ಯಪ್ ಅದಕ್ಕೆ ಹೊಂದುವುದಿಲ್ಲ.

ಇವತ್ತು ದುಧನಿಯಿಂದ ಉಣ್ಣೆ ತಂದ ಚಂದ್ರಭಾಗಾ ಫೋನನ್ನು ನನ್ನ ಮುಖಕ್ಕೇ ಹಿಡಿದಳು.

“ಏನ್ರಿ ಅಕ್ಕಾರ, ಬರೇ ಖಿಡಕಿ ಕೂಡಿಸೀರಿ, ಒಂದ ಬಾಗಲಾನೂ ಇಲ್ಲ! ಕರಿ ಉಣ್ಣಿ ಬರದೀರೋ, ಬಿಳೇದ ಬರದೀರೋ, ನನಗ್ಹೆಂಗ ತಿಳೀಬೇಕು? ನನಗ ಕನ್ನಡ ಒಂದ ಓದಾಕ ಬರ್ತೈತ್ರಿ.”

ಕಂಪನಿಯವರು ಸರಿಪಡಿಸುವ ತನಕ ಹಳೆಯದೂ ಇರಲಿ ಎಂದು ಮಾಲೀಕ ಕಾಶಪ್ಪನವರನ್ನು ಕೇಳಿದೆ.

“ಮರಾಠಿ ಕಳಸ್ರಿ ಮ್ಯಾಡಮ್ಮಾರ, ಮುಗೀತು. ಇಲ್ಲಾಂದ್ರ ಎರಡೂದರಾಗ ನೀವ ಬರೀರಿ. ಪಗಾರ ಮಾತ್ರ ಅಷ್ಟ!”

ಬರೆಯುತ್ತೇನೆ ಎಂದೆ. ಅಷ್ಟು ಬೇಗ ಹೇಗೆ ಒಪ್ಪಿದೆ? ಹಟವೋ, ಮಮತೆಯೋ, ನನಗೇ ತಿಳಿಯದು. ಇನ್ನು ಸಂಜೆಯ ಬಸ್ಸು ತಪ್ಪುತ್ತದೆ. ಅದರ ಕಿಟಕಿಯ ಬೆಳಕಲ್ಲಿ ಕವಿತೆ ಓದುವ ಆ ಒಂದು ಗಂಟೆಯೂ ಹೋಗುತ್ತದೆ.

ಆದರೆ ಹಳೆಯದರಲ್ಲಿ ತೆಗೆದುಕೊಟ್ಟ ರಸೀದಿಯನ್ನು ಅವಳು ನಿಂತಲ್ಲೇ ಬೆರಳಿಟ್ಟು ಓದಿದಳು, ಗೋದಾಮಿಗೆಲ್ಲ ಕೇಳುವಂತೆ: “ಕರಿ ಉಣ್ಣೆ, ಕುರಿಯ ಮೊದಲ ಕತ್ತರಿಯದು.” ಯಾವ ಕವಿತೆಯನ್ನೂ ನಾನು ಹಾಗೆ ಗಟ್ಟಿಯಾಗಿ ಓದಿದ್ದಿಲ್ಲ.